ಕಂಪಾಲಾಕ್ಕೆ ಹೊರಟಿದ್ದೇವೆ, ಲಸಿಕೆ ಯಾವಾಗ?

ಪ್ರಶ್ನೆ: ಗಂಡನಿಗೆ ಉಗಾಂಡಾದಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ನಾನು, ಮಗು, 66 ವರ್ಷದ ಅತ್ತೆ ಕಂಪಾಲಾಕ್ಕೆ ಹೋಗುತ್ತೇವೆ. ಹಳದಿ ಜ್ವರದ ಲಸಿಕೆ ಹೊರಡುವ ವಾರ ಹಾಕಿಸಿದರೆ ಸಾಕಲ್ವಾ?

ಉತ್ತರ: ಸಾಲದಮ್ಮ. ಹಾಕಿಸಿ 10 ದಿನ ಕಳೆದ ಮೇಲೇ ಹಳದಿ ಕಾರ್ಡಿಗೆ, ಅಂದರೆ ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಪ್ರಮಾಣಪತ್ರಕ್ಕೆ, ಬೆಲೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಸಿಗುವುದಿಲ್ಲ, ಹಾಗಾಗಿ ಈಗಲೇ ವಿಚಾರಿಸಿ ದಿನ ಗೊತ್ತುಮಾಡಿಕೊಳ್ಳಿ. ಮಗುವಿಗೆ 9 ತಿಂಗಳು ತುಂಬಿರಬೇಕು. ಅತ್ತೆಯವರ ವಿಷಯ ಬೇರೆ. 60 ದಾಟಿದವರಿಗೆ ಅಪರೂಪಕ್ಕೆ ಗಂಭೀರ ತೊಂದರೆ ಆಗುವುದುಂಟು, ಮೊದಲು ವೈದ್ಯರಿಗೆ ತೋರಿಸಿ. ಮೊಟ್ಟೆ ಅಲರ್ಜಿ ಇದ್ದರೆ ಮುಚ್ಚಿಡಬೇಡಿ. ಕಾರ್ಡ್ ಇಲ್ಲದೆ ವಾಪಸ್ ಬಂದರೆ ಇಲ್ಲಿ 6 ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಮಲೇರಿಯಾಗೆ ಈ ಲಸಿಕೆ ಕೆಲಸ ಮಾಡುವುದಿಲ್ಲ, ಅದರ ಮಾತ್ರೆಯನ್ನೂ ಬರೆಸಿಕೊಳ್ಳಿ.