ಕಾಫಿಯಲ್ಲಿ ಬೆರೆತ ಔಷಧಿ, ಮನೆ ಬಿಟ್ಟು ಹೊರಡಲಾಗದ ಅಕ್ಕ

ಮಾತ್ರೆ ಬರೆದುಕೊಟ್ಟರೂ ಬಿ.ಪಿ. ಇಳಿಯುತ್ತಿಲ್ಲ, ಒಮ್ಮೆ ಮಾತಾಡಿಸಿ ನೋಡಿ ಎಂದು ಫ್ಯಾಮಿಲಿ ಡಾಕ್ಟರು ಆಪ್ತಸಮಾಲೋಚನೆಗೆ ನನ್ನ ಬಳಿ ಕಳಿಸಿದ ಪ್ರಕರಣ ಇದು. ಐವತ್ತರ ಆಸುಪಾಸಿನ ಹೆಂಗಸು, ಮದುವೆಯಾಗಿಲ್ಲ, ರಾಜಾಜಿನಗರದ ಕಡೆ ಅಪ್ಪ ಕಟ್ಟಿಸಿದ ಹಳೆಯ ಮನೆ. ವಾಸಂತಿ ಎಂದು ಕರೆಯೋಣ. ಹೆಸರು, ಕೆಲಸ, ಬಡಾವಣೆ ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ. ತಮ್ಮನಿಗೆ ನಲವತ್ತು ದಾಟಿದೆ. ಡಿಗ್ರಿ ಕೊನೆಯ ವರ್ಷದಲ್ಲಿ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಅತಿಯಾದ ಅನುಮಾನ ಕಾಡುವಂಥ ಮನೋರೋಗ, ಶುರುವಾಯಿತು. ಅಪ್ಪ ಅಮ್ಮ ಇರುವಷ್ಟು ದಿನ ಅವರೇ ನೋಡಿಕೊಂಡರು. ಅಮ್ಮನೂ ಹೋದ ಮೇಲೆ ವಾಸಂತಿ ಶಾಲೆಯೊಂದರ ಆಫೀಸಿನ ಕೆಲಸ ಬಿಟ್ಟು ಮನೆಯಲ್ಲೇ ಉಳಿದರು. ಅಣ್ಣ, ಅತ್ತಿಗೆ ಊರಿನ ಇನ್ನೊಂದು ತುದಿಯಲ್ಲಿದ್ದಾರೆ. ತಿಂಗಳು ತಿಂಗಳು ದುಡ್ಡು ಕಳಿಸುತ್ತಾರೆ.

"ನನಗೇನಿಲ್ಲ ಮೇಡಂ, ಬಂದಿದ್ದೀನಲ್ಲ, ಅವನ ವಿಷಯ ಕೇಳ್ಕೊಂಡು ಹೋಗೋಣ ಅಂತ" ಎನ್ನುತ್ತಲೇ ದಪ್ಪನೆಯ ಫೈಲು ಬಿಚ್ಚಿದರು. ತಮ್ಮನ ಚೀಟಿಗಳು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದವು. ನಿಮ್ಮ ಚೀಟಿ ಎಲ್ಲಿ ಎಂದು ಕೇಳಿದೆ. ಬ್ಯಾಗಿನ ತಳದಿಂದ ಬಿ.ಪಿ. ಮಾತ್ರೆಯ ಹಾಳೆಯೊಂದು ಬಂತು. ತಿಂಗಳ ಹಿಂದೆ ಕೊಂಡದ್ದು, ನಾಲ್ಕು ಮಾತ್ರೆ ಖರ್ಚಾಗಿತ್ತು. ಇದಕ್ಕೆ ಔಷಧಿ ಬದಲಿಸಿ ಏನೂ ಪ್ರಯೋಜನವಿರಲಿಲ್ಲ.

ನಿದ್ದೆಯ ವಿಷಯ ಕೇಳಿದಾಗ ಇನ್ನಷ್ಟು ತಿಳಿಯಿತು. ಹಿಂದೊಮ್ಮೆ ರಾತ್ರಿ ತಮ್ಮ ಬಾಗಿಲು ತೆಗೆದು ಹೋಗಿಬಿಟ್ಟಿದ್ದ. ಮಾರನೇ ದಿನ ಮಧ್ಯಾಹ್ನ ಯಶವಂತಪುರ ರೈಲು ನಿಲ್ದಾಣದಲ್ಲಿ ಸಿಕ್ಕಿದ. ಅವತ್ತಿನಿಂದ ವಾಸಂತಿ ಹಾಲ್‌ನಲ್ಲಿ, ಮುಂಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗುತ್ತಾರೆ. ಅವನು ನೀರು ಕುಡಿಯಲು ಎದ್ದರೂ ಎಚ್ಚರ. ಹೀಗೆ ಮಲಗುವವರಿಗೆ "ಬೆಳಗ್ಗೆ ಎದ್ದು ಅರ್ಧ ಗಂಟೆ ಪ್ರಾಣಾಯಾಮ ಮಾಡಿ, ನಿಮಗೋಸ್ಕರ ಸಮಯ ಕೊಟ್ಕೊಳ್ಳಿ" ಎಂದು ಹೇಳುವುದು ಇನ್ನೊಂದು ಕೆಲಸ ಹೊರಿಸಿದಂತೆ. ನನ್ನ ವೃತ್ತಿಯವರೇ ಈ ಮಾತನ್ನು ಬಹಳ ಸಲೀಸಾಗಿ ಹೇಳಿ ಕಳಿಸುವುದನ್ನು ಕಂಡಿದ್ದೇನೆ.

ಎರಡನೇ ಭೇಟಿಯಲ್ಲಿ ನೇರವಾಗಿ ಕೇಳಿದೆ: ಸಾಕಪ್ಪಾ, ಇದೆಲ್ಲ ಮುಗಿದರೆ ಸಾಕು ಅಂತ ಅನ್ನಿಸುತ್ತದಾ? ತುಂಬ ಹೊತ್ತು ಸುಮ್ಮನಿದ್ದು, "ನನ್ನದಲ್ಲ ಮೇಡಂ. ಅವನು ಹೋಗ್ಬಿಟ್ರೆ ಅಂತ ಒಂದೆರಡು ಸಲ ಬಂದಿದೆ. ದೇವರ ಮನೆಗೆ ಹೋಗಿ ತಪ್ಪಾಯ್ತು ಅಂದ್ಕೊಂಡೆ" ಎಂದರು. ಮನೆಯಲ್ಲಿ ದೀರ್ಘಕಾಲದ ಮನೋರೋಗಿಯನ್ನು ನೋಡಿಕೊಳ್ಳುವವರಲ್ಲಿ ಈ ಯೋಚನೆ ಅಪರೂಪವಲ್ಲ, ದಣಿವು ಮಿತಿ ಮೀರಿದಾಗ ಬರುತ್ತದೆ, ಬಂದ ಮಾತ್ರಕ್ಕೆ ಪ್ರೀತಿ ಸುಳ್ಳಾಗುವುದಿಲ್ಲ ಎಂದೆ. ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದೂ ಬಿಡಿಸಿ ಕೇಳಿದೆ, ಇರಲಿಲ್ಲ. ಇದ್ದಿದ್ದರೆ ಮುಂದಿನ ದಾರಿಯೇ ಬೇರೆಯಾಗುತ್ತಿತ್ತು. ಆರೈಕೆ ಮಾಡುವವರನ್ನು ಈ ಪ್ರಶ್ನೆ ಕೇಳಲು ಹಿಂಜರಿಯಬಾರದು.

ದಿನಕ್ಕೆ ಎರಡು ಗಂಟೆಯಾದರೂ ಮನೆಯಿಂದ ಹೊರಗಿರಬೇಕು ಎಂದಾಗ ಅವರು ನಕ್ಕರು. ಆಗ ಒಂದು ಹಳೆಯ ಸಂಶೋಧನೆಯ ಕಥೆ ಹೇಳಿದೆ. ಆಸ್ಪತ್ರೆಯಿಂದ ಸುಧಾರಿಸಿ ಮನೆಗೆ ಹೋದ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಕೆಲವರಿಗಷ್ಟೇ ಕಾಯಿಲೆ ಬೇಗ ಯಾಕೆ ಮರುಕಳಿಸುತ್ತದೆ ಎಂದು ಇಂಗ್ಲೆಂಡಿನ ಜಾರ್ಜ್ ಬ್ರೌನ್ 1950ರ ದಶಕದಿಂದ ಹುಡುಕುತ್ತಾ ಹೋದರು. 1976ರಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ ಅದನ್ನು ಇನ್ನಷ್ಟು ಖಚಿತಪಡಿಸಿದರು. ಮನೆಯವರಲ್ಲಿ ಸತತ ಟೀಕೆ, ಸಿಡುಕು, ಇಲ್ಲವೇ ಉಸಿರುಗಟ್ಟಿಸುವಷ್ಟು ಕಾಳಜಿ ಇದ್ದು, ರೋಗಿ ಅವರೊಂದಿಗೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಇದ್ದರೆ ಕಾಯಿಲೆ ಮರುಕಳಿಸುವುದು ಹೆಚ್ಚು. ಹಗುರವಾಗಿ ಇರಬಲ್ಲ ಮನೆಗಳಲ್ಲಿ ಈ ಗಂಟೆಗಳ ಲೆಕ್ಕ ಅಷ್ಟು ಮುಖ್ಯವಾಗಲಿಲ್ಲ. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನದಲ್ಲಿ ನಮ್ಮ ಕುಟುಂಬಗಳಲ್ಲಿ ಇಂಥ ಬಿಗುವು ಲಂಡನ್ನಿಗಿಂತ ಕಡಿಮೆ ಕಂಡಿತ್ತು ಎಂಬುದನ್ನೂ ಸೇರಿಸಿದೆ. ಇಲ್ಲದಿದ್ದರೆ ಇದು ಮನೆಯವರ ಮೇಲೆ ತಪ್ಪು ಹೊರಿಸುವ ಕಥೆಯಂತೆ ಕೇಳಿಸುತ್ತದೆ. ಕಾಯಿಲೆ ಬರಿಸುವವರು ಮನೆಯವರಲ್ಲ.

ಇಬ್ಬರೂ ಎಚ್ಚರವಾಗಿ ಎದುರುಬದುರು ಇರುವ ಹೊತ್ತನ್ನು ಹಾಳೆಯ ಮೇಲೆ ಲೆಕ್ಕ ಹಾಕಿದೆವು. ವಾರಕ್ಕೆ ಎಪ್ಪತ್ತು ಗಂಟೆ ದಾಟಿತು. "ಹಾಗಾದ್ರೆ ನಾನು ಆಚೆ ಹೋದ್ರೆ ಅವನಿಗೇ ಒಳ್ಳೇದಾ?" ಎಂದು ಕೇಳಿದರು. ಹೌದು ಎಂದೆ. ತಮ್ಮನಿಗೆ ಒಳ್ಳೆಯದಾಗದಿದ್ದರೂ ಅವರಿಗೆ ಆ ಎರಡು ಗಂಟೆ ಸಲ್ಲಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಅವರು ಅಂದು ಒಪ್ಪುವಂಥ ಮಾತು ಇದೊಂದೇ ಆಗಿತ್ತು.

ಆದರೂ ಮುಂದಿನ ಭೇಟಿಯ ಹೊತ್ತಿಗೆ ಹೊರಗೆ ಹೋಗಿರಲಿಲ್ಲ. ಕಾರಣ ಕೆದಕಿದಾಗ ಕೊನೆಗೂ ಗಂಟು ಬಿಚ್ಚಿತು. "ಕಾಫಿ ನಾನೇ ಕೊಡ್ಬೇಕು ಮೇಡಂ." ಮಾತ್ರೆ ನುಂಗಲು ತಮ್ಮ ಒಪ್ಪುವುದಿಲ್ಲವೆಂದು ಅಮ್ಮನ ಕಾಲದಿಂದಲೂ ಅವನ ಕಾಯಿಲೆಯ ಔಷಧಿ ರಿಸ್ಪೆರಿಡೋನ್ ದ್ರವವನ್ನು ಅವನಿಗೆ ಹೇಳದೆ ಬೆಳಗ್ಗೆ, ಸಂಜೆ ಕಾಫಿಗೆ ಬೆರೆಸುತ್ತಿದ್ದರು. ಈ ಔಷಧಿಯನ್ನು ಕಾಫಿಗೆ ಬೆರೆಸಬಹುದು, ಟೀಗೆ ಕೂಡದು. ನೆಂಟರ ಮನೆಗೆ ಹೋದರೆ ಅವನು ಟೀ ಕೇಳುತ್ತಾನೆ ಎಂದು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದರು. ಅಣ್ಣ ಅತ್ತಿಗೆಗೂ ಗೊತ್ತಿರಲಿಲ್ಲ. ಬೇರೆ ಯಾರೂ ಒಂದು ದಿನ ಅವನನ್ನು ನೋಡಿಕೊಳ್ಳುವ ಹಾಗಿರಲಿಲ್ಲ, ಏಕೆಂದರೆ ಕೆಲಸದ ಮುಖ್ಯ ಭಾಗವೇ ಗುಟ್ಟಾಗಿತ್ತು.

ಊಟ ಕಾಫಿಗೆ ಔಷಧಿ ಬೆರೆಸುವುದು ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಬೇರೆ ದಾರಿ ಕಾಣದೆ ಮಾಡುತ್ತಾರೆ, ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ವಾಸಂತಿಯ ತಮ್ಮನ ದೊಡ್ಡ ದೂರು ಏನಾಗಿತ್ತು ಗೊತ್ತೆ? "ನನಗೆ ಏನೋ ಹಾಕಿ ಕೊಡ್ತಿದ್ದಾರೆ." ಫೈಲಿನಲ್ಲಿ ಅದು ಮತ್ತೆ ಮತ್ತೆ ಕಾಯಿಲೆಯ ಲಕ್ಷಣವೆಂದೇ ದಾಖಲಾಗಿತ್ತು. ಕಾಯಿಲೆಯಿಂದ ಹುಟ್ಟಿದ ಅನುಮಾನವೂ ಇದ್ದೀತು. ಆದರೆ ಮಾತು ನಿಜವಾಗಿತ್ತು. ಅರ್ಧ ಲೋಟ ಬಿಟ್ಟ ದಿನ ಎಷ್ಟು ಔಷಧಿ ಹೊಟ್ಟೆ ಸೇರಿತೆಂದು ಡಾಕ್ಟರಿಗೂ ತಿಳಿಯದು. ಮೈ ಬಿಗಿಯುವುದು, ತೂಕಡಿಕೆ ಎಲ್ಲವೂ ಔಷಧಿಯ ಅಡ್ಡಪರಿಣಾಮ ಎಂದು ಅವನಿಗೆ ವಿವರಿಸುವವರೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತನ್ನ ಚಿಕಿತ್ಸೆಯ ಬಗ್ಗೆ ನಿರ್ಧರಿಸುವ ಸಾಮರ್ಥ್ಯವಿರುವವರಿಗೆ ತಿಳಿಸಿ, ಒಪ್ಪಿಗೆ ಪಡೆದೇ ಚಿಕಿತ್ಸೆ ಕೊಡಬೇಕು.

ಕೊಟ್ಟ ಸಲಹೆ ಇಷ್ಟು: ನಾಳೆಯಿಂದಲೇ ನಿಲ್ಲಿಸಬೇಡಿ, ಔಷಧಿ ಏಕಾಏಕಿ ನಿಂತರೆ ಕಾಯಿಲೆ ಮರುಕಳಿಸಬಹುದು. ಮೊದಲು ಮನೋವೈದ್ಯರಿಗೆ ನಿಜ ಹೇಳಿ. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ, ಅವನಿಗೆ ಸರಿಹೊಂದುತ್ತದೆಯೇ ಕೇಳಿ. ತಮ್ಮನಿಗೆ ತಿಳಿಸುವ ಕೆಲಸ ಡಾಕ್ಟರ ಕೋಣೆಯಲ್ಲಿ, ಅಣ್ಣನ ಎದುರಿಗೇ ಆಗಲಿ.

ಆಯಿತು. ಸುಲಭವಾಗಲಿಲ್ಲ. ತಮ್ಮ ಕೂಗಾಡಿದ, ಅಕ್ಕನ ಕೈಯಿಂದ ಏನನ್ನೂ ಮುಟ್ಟದೆ ದರ್ಶಿನಿಯಲ್ಲಿ ತಿಂದ, ಕಾಫಿ ತಾನೇ ಕಾಯಿಸಿಕೊಂಡ. ವಾಸಂತಿ ಫೋನು ಮಾಡಿ "ಇದ್ದದ್ದನ್ನೂ ಹಾಳು ಮಾಡ್ಕೊಂಡ್ವಾ ಮೇಡಂ" ಎಂದು ಅತ್ತರು. ಡಾಕ್ಟರು ಮಾತ್ರ ಅವನ ಜೊತೆ ಮಾತು ಬಿಡಲಿಲ್ಲ. ಕೆಲವು ವಾರಗಳಾದ ಮೇಲೆ ಅವನೇ, "ದಿನಾ ಮಾತ್ರೆ ತಗೊಂಡ್ಯಾ ಅಂತ ಯಾರೂ ಕೇಳ್ಬಾರ್ದು, ಹಂಗಿದ್ರೆ ಸೂಜಿನೇ ಚುಚ್ಚಿ" ಎಂದನಂತೆ. ನನಗೆ ಇದು ಬಹಳ ವಿವೇಕದ ಷರತ್ತಾಗಿ ಕಂಡಿತು.

ಅಣ್ಣ ಅತ್ತಿಗೆಯನ್ನು ಕರೆಸಿದ್ದು ಇದಾದ ಮೇಲೆ. "ದುಡ್ಡಿಗೆ ನಾವು ಯಾವತ್ತೂ ಹಿಂದೆ ಮುಂದೆ ನೋಡಿಲ್ಲ" ಎಂದೇ ಅಣ್ಣ ಶುರು ಮಾಡಿದರು. ಸುಳ್ಳಲ್ಲ. ಆದರೆ ತಂಗಿಗೆ ಬೇಕಿದ್ದುದು ಹೊತ್ತು. "ಸ್ವಲ್ಪ ಸಹಾಯ ಮಾಡಿ" ಎಂದರೆ ಯಾರೂ ಮಾಡುವುದಿಲ್ಲ. ದಿನ, ಗಂಟೆ, ಕೆಲಸ ಗೊತ್ತು ಮಾಡಬೇಕು. ಇಂಜೆಕ್ಷನ್ ದಿನ ಆಸ್ಪತ್ರೆಗೆ ಜೊತೆಗೆ ಹೋಗುವುದು ಅಣ್ಣನದು. ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಗಿನಿಂದ ಸಂಜೆವರೆಗೆ ಅಣ್ಣನೇ ರಾಜಾಜಿನಗರದ ಮನೆಯಲ್ಲಿರುವುದು. ತಮ್ಮನನ್ನು ತಮ್ಮ ಮನೆಗೆ ಕರೆಸಿಕೊಳ್ಳಲು ಅತ್ತಿಗೆಗೆ ಭಯವಿತ್ತು. ಭಯವನ್ನು ಬಾಯಿಬಿಟ್ಟು ಹೇಳಿದ್ದೇ ಒಳ್ಳೆಯದು, ಅದಕ್ಕೆ ತಕ್ಕಂತೆ ಏರ್ಪಾಡು ಮಾಡಿದೆವು. ಮದುವೆ ಮಾಡಿಸಿದರೆ ಹುಡುಗ ಸರಿಹೋಗುತ್ತಾನೆ ಎಂಬ ಸೋದರಮಾವನ ಸಲಹೆಯನ್ನು ಮೂವರೂ ಸೇರಿ ಬದಿಗಿಟ್ಟರು.

ನಿದ್ದೆಗೆ ಸರಳ ಉಪಾಯ: ಮುಂಬಾಗಿಲಿಗೆ ತೆಗೆದರೆ ಸದ್ದು ಮಾಡುವ ಪುಟ್ಟ ಅಲಾರಂ. ತಮ್ಮನಿಗೆ ಹೇಳಿಯೇ ಹಾಕಿಸಿದರು. ವಾಸಂತಿ ಕೋಣೆಯ ಮಂಚಕ್ಕೆ ಮರಳಿದರು. ಬಿ.ಪಿ. ಮಾತ್ರೆಯನ್ನು ಹಲ್ಲುಜ್ಜುವ ಬ್ರಶ್ಶಿನ ಪಕ್ಕ ಇಡಲು ಹೇಳಿದೆ. ಕಷ್ಟಕ್ಕೆ ಟೆಲಿ ಮಾನಸ್ ಸಂಖ್ಯೆ 14416 ಫ್ರಿಜ್ ಮೇಲೆ ಅಂಟಿಸಿಕೊಂಡಿದ್ದಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಹಗಲಿರುಳು ಇದೆ, ಕನ್ನಡದಲ್ಲೂ ಮಾತಾಡಬಹುದು. ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ, ನೋಡಿಕೊಳ್ಳುವವರೂ ಮಾಡಬಹುದು. ಹೊಡೆತ ಬಡಿತದ ಮಟ್ಟಕ್ಕೆ ಹೋದರೆ ಕಾಯುತ್ತಾ ಕೂರದೆ ತುರ್ತು ಸಂಖ್ಯೆ 112.

ಹೊರಗೆ ಹೋಗಿ ಏನು ಮಾಡುವುದು ಎಂಬುದೇ ಅವರಿಗೆ ಹೊಳೆಯಲಿಲ್ಲ. ಏನೂ ಮಾಡಬೇಡಿ ಎಂದೆ. ಮೊದಲ ವಾರಗಳಲ್ಲಿ ಮಲ್ಲೇಶ್ವರಕ್ಕೆ ಹೋಗಿ ಎಂಟನೇ ಕ್ರಾಸಿನಲ್ಲಿ ಸುಮ್ಮನೆ ಓಡಾಡಿ ಬಂದರು. "ಬಸ್ಸಿಗೆ ಹೇಗೂ ಕಾಸು ಕೊಡೋ ಹಾಗಿಲ್ಲ, ಖರ್ಚು ಅಂತ ಬೇಜಾರೂ ಇಲ್ಲ" ಎಂದರು. ಶಕ್ತಿ ಯೋಜನೆಯ ಇಂಥದೊಂದು ಉಪಯೋಗ ಯಾವ ವರದಿಗೂ ಸೇರುವುದಿಲ್ಲ. ಈಗ ಶುಕ್ರವಾರ ಹಳೆಯ ಭಜನಾ ಮಂಡಳಿಗೆ ಹೋಗುತ್ತಾರೆ. ಅಲ್ಲಿ ತಮ್ಮನ ವಿಷಯ ಯಾರೂ ಕೇಳಬಾರದೆಂದು ಗೆಳತಿಗೆ ಮೊದಲೇ ಹೇಳಿಟ್ಟಿದ್ದಾರೆ.

ಉಳಿದಿರುವುದು "ನನ್ನ ನಂತರ ಯಾರು" ಎಂಬ ಪ್ರಶ್ನೆ. ಇದಕ್ಕೆ ಸಮಾಧಾನದ ಮಾತಿಗಿಂತ ಕಾಗದಪತ್ರ ಮೇಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇ. 40 ಅಥವಾ ಹೆಚ್ಚಿನ ಅಂಗವಿಕಲತೆ ಇದೆಯೆಂದು ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ; ತಮ್ಮನ ಒಪ್ಪಿಗೆ ಪಡೆದು ಅರ್ಜಿ ಹಾಕಿದ್ದಾರೆ. 2017ರ ಕಾಯ್ದೆಯಡಿ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ರೋಗಿಯೇ ಬರೆದುಕೊಟ್ಟು ನೇಮಿಸಬಹುದು. ತಮ್ಮ ಬರೆದಿರುವುದು ಅಣ್ಣನ ಹೆಸರು, ಅಕ್ಕನದಲ್ಲ. ವಾಸಂತಿಗೆ ನೋವಾಯಿತು, ಜೊತೆಗೇ ಹಗುರವೂ ಆಯಿತು ಎಂದು ಅವರೇ ಹೇಳಿದರು. ಮನೆಯ ಹಕ್ಕಿನ ವಿಷಯಕ್ಕೆ ವಕೀಲರನ್ನು ಕಾಣಲು ಹೇಳಿದ್ದೇನೆ. ರಿಚ್ಮಂಡ್ ಫೆಲೋಶಿಪ್, ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್‌ನಂಥ ಸಂಸ್ಥೆಗಳು ಬೆಂಗಳೂರಿನಲ್ಲಿ ನಡೆಸುವ ಪುನರ್ವಸತಿ ಕೇಂದ್ರಗಳನ್ನು ಅಗತ್ಯ ಬೀಳುವ ಮೊದಲೇ, ತಮ್ಮನನ್ನೂ ಕರೆದುಕೊಂಡು ಹೋಗಿ ನೋಡಿ ಬನ್ನಿ ಎಂದೂ ಹೇಳಿದ್ದೇನೆ. ಅದಕ್ಕಿನ್ನೂ ಮನಸ್ಸು ಮಾಡಿಲ್ಲ.

ಒಂದು ರಾತ್ರಿ ಊರ ಹೊರಗೆ ಉಳಿಯುವುದಕ್ಕೂ ಒಪ್ಪಿಲ್ಲ. ಮೈಸೂರಿನಲ್ಲಿ ಚಿಕ್ಕಮ್ಮನ ಮಗಳ ಮನೆ ಗೃಹಪ್ರವೇಶ ಬರುತ್ತಿದೆ, ಬೆಳಗ್ಗೆ ಹೋಗಿ ಸಂಜೆಗೆ ವಾಪಸ್ ಬಂದುಬಿಡ್ತೀನಿ ಎನ್ನುತ್ತಾರೆ. ಅವತ್ತು ಅಣ್ಣ ಬಂದು ಉಳಿದುಕೊಳ್ಳುವುದಾಗಿ ಹೇಳಿದ್ದಾರೆ. ತಮ್ಮನೂ "ಹೋಗು, ನಾನೇನು ಮಗುನಾ" ಎಂದಿದ್ದಾನೆ. ಮುಂದಿನ ಭೇಟಿಯಲ್ಲಿ ನಾವು ಮಾತಾಡಬೇಕಾದದ್ದು ಅದನ್ನೇ.