ಹಾಡು ಉಳಿಸಿಹೋದ ಹುಡುಗರು

ಪ್ರಶ್ನೆ: 1950ರ ದಶಕದ ರಾಕ್ ಅಂಡ್ ರೋಲ್ ಗಾಯಕರ ಬಗ್ಗೆ ಯಾರು ಬರೆದರೂ 1959ರ ಫೆಬ್ರುವರಿಯ ವಿಮಾನ ಅಪಘಾತದಿಂದಲೇ ಆರಂಭಿಸುತ್ತಾರೆ. ಅದರಲ್ಲಿ ತೀರಿಕೊಂಡಾಗ ಗಾಯಕ ಬಡ್ಡಿ ಹಾಲಿಗೆ 22 ವರ್ಷ, ರಿಚಿ ವ್ಯಾಲೆನ್ಸ್‌ಗೆ 17. ಅಷ್ಟು ಚಿಕ್ಕ ವಯಸ್ಸಿನಲ್ಲಿ ಅವರು ಮಾಡಿದ ಕೆಲಸ ನಿಜಕ್ಕೂ ದೊಡ್ಡದೇ? ಅಥವಾ ಅಕಾಲ ಮರಣದ ಮರುಕದಿಂದ ನಾವೇ ಅವರನ್ನು ದೊಡ್ಡವರನ್ನಾಗಿ ಮಾಡಿದ್ದೇವೆಯೇ?

ಉತ್ತರ: ಅಪಘಾತವನ್ನು ಪಕ್ಕಕ್ಕಿಟ್ಟು ಧ್ವನಿಮುದ್ರಿಕೆಗಳನ್ನಷ್ಟೇ ಕೇಳಿ, ನಿಮ್ಮ ಸಂಶಯ ಅಲ್ಲೇ ಪರಿಹಾರವಾಗುತ್ತದೆ. ಟೆಕ್ಸಸ್‌ನ ಲಬಕ್ ಊರಿನ ಹಾಲಿ ‘ಕ್ರಿಕೆಟ್ಸ್’ ತಂಡದೊಂದಿಗೆ ಹಾಡಿದ ‘ದಟ್ಲ್ ಬಿ ದ ಡೇ’ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ್ದು 1957ರ ಸೆಪ್ಟೆಂಬರ್‌ನಲ್ಲಿ. ಅಲ್ಲಿಂದ ಸಾವಿನವರೆಗೆ ಹದಿನೇಳು ತಿಂಗಳೂ ತುಂಬಿರಲಿಲ್ಲ. ಹಾಡನ್ನು ತಾವೇ ಕಟ್ಟಿ, ತಾವೇ ಹಾಡಿ, ಎರಡು ಗಿಟಾರ್, ಒಂದು ಬೇಸ್ ಮತ್ತು ಡ್ರಮ್ಸ್ ಇಟ್ಟುಕೊಂಡು ತಾವೇ ನುಡಿಸುವ ಪುಟ್ಟ ತಂಡ ಎಂಬ ಕಲ್ಪನೆ ಇಂದು ನಮಗೆ ಸಹಜವೆನಿಸುತ್ತದೆ. ಅದನ್ನು ರೂಢಿಗೆ ತಂದವರಲ್ಲಿ ಹಾಲಿ ಪ್ರಮುಖ. 1958ರಲ್ಲಿ ಲಿವರ್‌ಪೂಲ್‌ನ ಕೆಲವು ಹುಡುಗರು ತಮ್ಮ ಮೊದಲ ಧ್ವನಿಮುದ್ರಣಕ್ಕೆ ಆರಿಸಿಕೊಂಡ ಹಾಡುಗಳಲ್ಲಿ ‘ದಟ್ಲ್ ಬಿ ದ ಡೇ’ ಒಂದು. ಆ ಹುಡುಗರಲ್ಲಿ ಮೂವರು ಮುಂದೆ ಬೀಟಲ್ಸ್ ಆದರು. ಆಗ ಹಾಲಿ ಇನ್ನೂ ಬದುಕಿದ್ದ ಎಂಬುದನ್ನು ಗಮನಿಸಬೇಕು. ಅವರನ್ನು ಸೆಳೆದದ್ದು ಹಾಡು, ಸಾವಲ್ಲ.

‘ಪೆಗ್ಗಿ ಸೂ’ ಹಾಡಿನ ಮುದ್ರಣದ ಸಂಗತಿಯೊಂದನ್ನು ಇಲ್ಲಿ ಹೇಳಲೇಬೇಕು. ನ್ಯೂ ಮೆಕ್ಸಿಕೋದ ಕ್ಲೋವಿಸ್‌ನಲ್ಲಿದ್ದ ನಾರ್ಮನ್ ಪೆಟ್ಟಿಯ ಸ್ಟುಡಿಯೋದಲ್ಲಿ ಅದು ನಡೆಯಿತು. ಹಾಲಿಯ ಕೈ ತಂತಿಗಳ ಮೇಲೆ ಎಷ್ಟು ವೇಗವಾಗಿ ಓಡುತ್ತಿತ್ತೆಂದರೆ, ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗಕ್ಕೆ ನಾದ ಬದಲಿಸಲು ವಾದ್ಯದ ಮೇಲಿನ ಸ್ವಿಚ್ ಸರಿಸಬೇಕಿದ್ದರೂ ಆತ ಕೈ ತೆಗೆಯುವಂತಿರಲಿಲ್ಲ. ತಂಡದ ಇನ್ನೊಬ್ಬ ಗಿಟಾರ್ ವಾದಕ ನಿಕಿ ಸಲಿವನ್ ಆತನ ಪಕ್ಕದಲ್ಲೇ ಬಗ್ಗಿ ಕುಳಿತು, ಸರಿಯಾದ ಗಳಿಗೆಗೆ ಆ ಸ್ವಿಚ್ ಸರಿಸಿದ. ‘ಎವ್ರಿಡೇ’ ಎಂಬ ಹಾಡಿನಲ್ಲಂತೂ ಡ್ರಮ್ಮೇ ಇಲ್ಲ. ತಂಡದ ಡ್ರಮ್ ವಾದಕ ಜೆರಿ ಆಲಿಸನ್ ತನ್ನ ತೊಡೆಯನ್ನೇ ತಟ್ಟಿ ತಾಳ ಹಿಡಿದಿದ್ದಾನೆ, ಅದರ ಮೇಲೆ ಪುಟ್ಟ ಗಂಟೆಗಳಂತೆ ನುಡಿಯುವ ಸೆಲೆಸ್ಟಾ ತೇಲಿಬರುತ್ತದೆ. ಇದು ಇಪ್ಪತ್ತರ ಆಸುಪಾಸಿನ ವಯಸ್ಸಿನವರು ಹಾಡಿಗೆ ಏನು ಬೇಕು, ಏನು ಬೇಡ ಎಂದು ಅರಿತು ಮಾಡಿದ ಕೆಲಸ. ಇದನ್ನು ಕೇಳಿ ಮೆಚ್ಚಲು ಮರುಕದ ಅಗತ್ಯವಿಲ್ಲ.

ವ್ಯಾಲೆನ್ಸ್‌ನ ವೃತ್ತಿಜೀವನ ಇನ್ನೂ ಚಿಕ್ಕದು, ಕೆಲವೇ ತಿಂಗಳುಗಳದ್ದು. ಮೆಕ್ಸಿಕೋದ ವೆರಾಕ್ರೂಜ್ ಪ್ರಾಂತ್ಯದ ಜಾನಪದ ಹಾಡಾದ ‘ಲಾ ಬಾಂಬಾ’ವನ್ನು ಆತ ವಿದ್ಯುತ್ ಗಿಟಾರಿಗೆ ಒಗ್ಗಿಸಿದ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಆ ಹುಡುಗನಿಗೆ ಸ್ಪ್ಯಾನಿಷ್ ಸರಾಗವಾಗಿ ಬರುತ್ತಿರಲಿಲ್ಲ, ಆದರೂ ಹಿರಿಯರ ಭಾಷೆಯಲ್ಲೇ ಹಾಡಿದ. ‘ಡಾನಾ’ ಎಂಬ ಪ್ರೇಮಗೀತೆಯ ಮುದ್ರಿಕೆಯ ಹಿಂಬದಿಯಲ್ಲಿ ಬಂದ ಆ ಹಾಡು ಇಂದು ಮುಂಬದಿಯದಕ್ಕಿಂತ ಹೆಚ್ಚು ಜನಕ್ಕೆ ಗೊತ್ತು.

ಪ್ರಶ್ನೆ: ಆ ಅಪಘಾತ ವಿಧಿಯಾಟ ಎಂದು ಹಲವರು ಬರೆಯುತ್ತಾರೆ. ಅದನ್ನು ತಪ್ಪಿಸಬಹುದಿತ್ತೇ?

ಉತ್ತರ: ವಿಧಿ ಎಂಬ ಮಾತನ್ನು ನಾವು ಒಪ್ಪುವುದಿಲ್ಲ, ಏಕೆಂದರೆ ಕಾರಣಗಳೆಲ್ಲ ದಾಖಲೆಯಲ್ಲಿವೆ. ‘ವಿಂಟರ್ ಡಾನ್ಸ್ ಪಾರ್ಟಿ’ ಎಂಬ ಆ ಪ್ರವಾಸ 1959ರ ಜನವರಿ 23ರಂದು ಆರಂಭವಾಯಿತು. ಅಮೆರಿಕದ ಉತ್ತರ ಭಾಗದ ಕಡುಚಳಿಯಲ್ಲಿ, ಊರುಗಳ ನಡುವಿನ ದೂರವನ್ನು ಲೆಕ್ಕಿಸದೆ, ದಿನಕ್ಕೊಂದು ಊರಿನಂತೆ ಕಾರ್ಯಕ್ರಮಗಳನ್ನು ಹೊಂದಿಸಲಾಗಿತ್ತು. ಬಸ್ಸುಗಳ ಹೀಟರ್ ಕೆಡುತ್ತಿತ್ತು, ಬಸ್ಸುಗಳೇ ದಾರಿಯಲ್ಲಿ ನಿಲ್ಲುತ್ತಿದ್ದವು. ಆ ಪ್ರವಾಸದಲ್ಲಿ ಹಾಲಿಗೆ ಡ್ರಮ್ ನುಡಿಸುತ್ತಿದ್ದ ಕಾರ್ಲ್ ಬಂಚ್ ಪಾದಗಳು ಹಿಮದ ಚಳಿಗೆ ಮರಗಟ್ಟಿ ಆಸ್ಪತ್ರೆ ಸೇರಿದ. ಅಂಥ ಬಸ್ಸಿನಲ್ಲಿ ಇನ್ನೊಂದು ರಾತ್ರಿ ಕಳೆಯುವುದು ಬೇಡವೆಂದು, ಮುಂದಿನ ಊರಿಗೆ ಮೊದಲೇ ತಲುಪಿ ಬಟ್ಟೆ ಒಗೆಸಿಕೊಂಡು ಸ್ವಲ್ಪ ನಿದ್ದೆ ಮಾಡೋಣವೆಂದು, ಫೆಬ್ರುವರಿ 2ರ ರಾತ್ರಿ ಅಯೋವಾದ ಕ್ಲಿಯರ್ ಲೇಕ್‌ನ ಸರ್ಫ್ ಬಾಲ್‌ರೂಮಿನಲ್ಲಿ ಕಾರ್ಯಕ್ರಮ ಮುಗಿಸಿದ ಹಾಲಿ ತಲಾ 36 ಡಾಲರ್ ದರದಲ್ಲಿ ಒಂದು ಪುಟ್ಟ ವಿಮಾನ ಗೊತ್ತುಮಾಡಿದ.

ಪೈಲಟ್ ಅಲ್ಲದೆ ಮೂವರಿಗೆ ಜಾಗವಿತ್ತು. ಅದೇ ಪ್ರವಾಸದಲ್ಲಿದ್ದ, ಜ್ವರದಿಂದ ಬಳಲುತ್ತಿದ್ದ ಗಾಯಕ ಜೆ. ಪಿ. ರಿಚರ್ಡ್ಸನ್‌ಗೆ, ಅಂದರೆ ‘ಬಿಗ್ ಬಾಪರ್’ ಎಂದೇ ಹೆಸರಾದವನಿಗೆ, ಹಾಲಿಯ ಬೇಸ್ ವಾದಕ ವೇಲನ್ ಜೆನಿಂಗ್ಸ್ ತನ್ನ ಸೀಟು ಬಿಟ್ಟುಕೊಟ್ಟ. ನಾಣ್ಯ ಚಿಮ್ಮಿಸಿ ಗಿಟಾರ್ ವಾದಕ ಟಾಮಿ ಆಲ್‌ಸಪ್‌ನ ಸೀಟನ್ನು ವ್ಯಾಲೆನ್ಸ್ ಗೆದ್ದುಕೊಂಡ. ಮಧ್ಯರಾತ್ರಿ ಕಳೆದ ಮೇಲೆ ಹೊರಟ ವಿಮಾನ ಕೆಲವೇ ನಿಮಿಷಗಳಲ್ಲಿ ಜೋಳದ ಹೊಲವೊಂದಕ್ಕೆ ಅಪ್ಪಳಿಸಿ ನಾಲ್ವರೂ ಸತ್ತರು. ಪೈಲಟ್ ರೋಜರ್ ಪೀಟರ್ಸನ್‌ಗೂ ಆಗ 21 ವರ್ಷವಷ್ಟೇ. ಆತನ ಹೆಸರನ್ನು ಬಹಳ ಲೇಖನಗಳು ಹೇಳುವುದೇ ಇಲ್ಲವೆಂಬುದು ನಮಗೆ ನೋವಿನ ಸಂಗತಿ. ದಿಗಂತ ಕಾಣದ ಕತ್ತಲಲ್ಲಿ ಉಪಕರಣಗಳನ್ನಷ್ಟೇ ನಂಬಿ ಹಾರಿಸುವ ಅರ್ಹತೆ ಆತನಿಗಿರಲಿಲ್ಲವೆಂದೂ, ಹವಾಮಾನದ ಮುನ್ನೆಚ್ಚರಿಕೆಗಳು ಆತನಿಗೆ ಸರಿಯಾಗಿ ತಲುಪಿರಲಿಲ್ಲವೆಂದೂ ತನಿಖೆ ಹೇಳಿತು. ಬಸ್ಸು ಬೆಚ್ಚಗಿದ್ದು, ಪ್ರವಾಸದಲ್ಲಿ ಎರಡು ದಿನ ಬಿಡುವಿದ್ದಿದ್ದರೆ ಆ ವಿಮಾನದ ಮಾತೇ ಬರುತ್ತಿರಲಿಲ್ಲ.

ಹಾಲಿಯ ದಪ್ಪ ಅಂಚಿನ ಕನ್ನಡಕ ಅದೇ ವರ್ಷ ಹಿಮ ಕರಗಿದ ಮೇಲೆ ಸಿಕ್ಕಿತು. ಲಕೋಟೆಯೊಂದರಲ್ಲಿ ಅಲ್ಲಿನ ಸರ್ಕಾರಿ ಕಡತಗಳ ನಡುವೆ ಉಳಿದುಹೋದ ಅದು ಮತ್ತೆ ಬೆಳಕು ಕಂಡದ್ದು 1980ರಲ್ಲಿ. ಈಗ ಅದು ಲಬಕ್‌ನಲ್ಲಿದೆ.

ಪ್ರಶ್ನೆ: ಈ ಮೂವರಲ್ಲದೆ ಇನ್ನು ಯಾರನ್ನು ನೆನೆಯಬೇಕು?

ಉತ್ತರ: ಮೊದಲು ಲಿಟ್ಲ್ ವಿಲ್ಲಿ ಜಾನ್. ‘ಫೀವರ್’ ಹಾಡನ್ನು ಬಹಳ ಜನ ಗಾಯಕಿ ಪೆಗ್ಗಿ ಲೀಯ ಹಾಡೆಂದೇ ತಿಳಿದಿದ್ದಾರೆ. ಆಕೆ ಹಾಡುವುದಕ್ಕೆ ಎರಡು ವರ್ಷ ಮೊದಲು, 1956ರಲ್ಲಿ, ಅದನ್ನು ಮೊದಲು ಹಾಡಿದವನು ಈತ. 1968ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡಾಗ ಆತನಿಗೆ 30 ವರ್ಷ. ಹದಿಮೂರರ ವಯಸ್ಸಿಗೇ ಜನಪ್ರಿಯನಾದ ಫ್ರಾಂಕಿ ಲೈಮನ್ ಅದೇ ವರ್ಷ, 25ನೇ ವಯಸ್ಸಿನಲ್ಲಿ, ಹೆರಾಯಿನ್‌ಗೆ ಬಲಿಯಾದ. ಜೆಸ್ಸಿ ಬೆಲ್ವಿನ್ 1960ರ ಫೆಬ್ರುವರಿಯಲ್ಲಿ ಆರ್ಕನ್ಸಾದ ರಸ್ತೆ ಅಪಘಾತದಲ್ಲಿ ಹೋದ. ಈ ಮೂವರೂ ಕಪ್ಪು ಗಾಯಕರು. ಇವರ ಸಾವಿನ ಸುತ್ತ ಅಷ್ಟು ದೊಡ್ಡ ದಂತಕಥೆ ಬೆಳೆಯಲಿಲ್ಲ. ಮರಣವೊಂದೇ ಗಾಯಕನನ್ನು ದೊಡ್ಡವನನ್ನಾಗಿ ಮಾಡುವುದಾದರೆ ಇವರೂ ಮನೆಮಾತಾಗಬೇಕಿತ್ತು.

ಎಡ್ಡಿ ಕಾಕ್ರನ್‌ನ ವಿಷಯ ಬೇರೆ. ‘ಸಮರ್‌ಟೈಮ್ ಬ್ಲೂಸ್’ ಹಾಡಿದ ಈತ ಹಾಲಿಗೂ ವ್ಯಾಲೆನ್ಸ್‌ಗೂ ಗೆಳೆಯ. ಅಪಘಾತವಾದ ಕೆಲವೇ ದಿನಗಳಲ್ಲಿ ಕಾಕ್ರನ್ ಸ್ಟುಡಿಯೋಗೆ ಹೋಗಿ, ತೀರಿಕೊಂಡ ಮೂವರನ್ನೂ ಒಬ್ಬೊಬ್ಬರಾಗಿ ನೆನೆಯುವ ‘ತ್ರೀ ಸ್ಟಾರ್ಸ್’ ಹಾಡನ್ನು ಮುದ್ರಿಸಿದ. ನಡುನಡುವೆ ಮಾತಿನಲ್ಲಿ ಹೇಳುವ ಸಾಲುಗಳಲ್ಲಿ ಆತನ ದನಿ ನಡುಗುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಹದಿನಾಲ್ಕು ತಿಂಗಳ ನಂತರ, 1960ರ ಏಪ್ರಿಲ್ 16ರ ರಾತ್ರಿ, ಇಂಗ್ಲೆಂಡಿನ ಚಿಪ್ಪನಮ್ ಬಳಿ ಆತನಿದ್ದ ಟ್ಯಾಕ್ಸಿ ದೀಪದ ಕಂಬಕ್ಕೆ ಬಡಿಯಿತು. ಮರುದಿನ ಬಾತ್ ನಗರದ ಆಸ್ಪತ್ರೆಯಲ್ಲಿ, 21ನೇ ವಯಸ್ಸಿನಲ್ಲಿ, ಆತ ತೀರಿಕೊಂಡ. ಗೆಳೆಯರಿಗಾಗಿ ಹಾಡಿದ ಆ ಹಾಡು ಆತ ಬದುಕಿರುವವರೆಗೆ ಬಿಡುಗಡೆಯಾಗಲಿಲ್ಲ.