ಸಂಪಾದಕರ ಉತ್ತರ: ಹೆಬ್ಬಾರರ ಗೆರೆ ಯಾವ ಊರಿನದು?

ಬದಿಯಡ್ಕದಿಂದ ಪತ್ರ ಬರೆದಿರುವ ಚಿತ್ರಕಲಾ ಅಧ್ಯಾಪಕರಿಗೆ ನಮಸ್ಕಾರಗಳು.

ಚಿತ್ರಕಲಾವಿದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನದ ಬಗ್ಗೆ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ಊರು ಬಿಟ್ಟು ಮುಂಬಯಿ ಸೇರಿ, ಪ್ಯಾರಿಸಿಗೂ ಹೋಗಿ ಕಲಿತು ಬಂದವರ ಚಿತ್ರಗಳಲ್ಲಿ ಪೂರ್ವವೂ ಪಶ್ಚಿಮವೂ ಅರೆಬರೆಯಾಗಿ ಬೆರೆತಿವೆ, ಆ ಬೆರಕೆಯನ್ನೇ ಸಾಧನೆಯೆಂದು ಕೊಂಡಾಡುವುದು ಸರಿಯಲ್ಲ ಎಂಬುದು ಮೊದಲನೆಯದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ ಎಂದು ಈಗಾಗಲೇ ಹಂಚಿಹೋಗಿರುವ ನಮ್ಮ ಮಕ್ಕಳಿಗೆ ಇಂಥವರನ್ನು ಮಾದರಿಯಾಗಿ ತೋರಿಸಿದರೆ ಅವರು ತಮ್ಮದೆನ್ನುವುದನ್ನೇ ಕಳೆದುಕೊಂಡಾರು ಎಂಬುದು ಎರಡನೆಯದು. ಈ ಎರಡನೆಯ ಮಾತಿನ ಹಿಂದಿರುವ ನೋವು ನಮ್ಮದೂ ಹೌದು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರ ಚಂದ್ರಗಿರಿ ಹೊಳೆಯ ಈಚೆ ದಡದಲ್ಲಿ ಕನ್ನಡ ಓದಿ ಬರೆಯುವ ಯಾರಿಗೂ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಆದರೆ ಹೆಬ್ಬಾರರ ವಿಷಯದಲ್ಲಿ ತಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ, ಏಕೆಂದರೆ ಅವರ ಚಿತ್ರದಲ್ಲಿ ಪೂರ್ವದ ಪಾಲೆಷ್ಟು, ಪಶ್ಚಿಮದ ಪಾಲೆಷ್ಟು ಎಂದು ಅಳೆಯಲು ಹೊರಟರೆ ಅಳತೆಗೋಲೇ ಕೈಕೊಡುತ್ತದೆ.

1911ರಲ್ಲಿ ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹೆಬ್ಬಾರರು ಮಣ್ಣಿನ ಗಣಪತಿ ವಿಗ್ರಹಗಳನ್ನು ಮಾಡುತ್ತಿದ್ದ ತಂದೆಯ ಮಗ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಅವರಿಗೆ ದೊರೆತದ್ದು ಬ್ರಿಟಿಷರ ಕಾಲದಿಂದ ನಡೆದುಬಂದ ಶಿಕ್ಷಣ: ಕಣ್ಣೆದುರಿನ ದೇಹವನ್ನು ಬೆಳಕು ನೆರಳುಗಳಲ್ಲಿ ಯಥಾವತ್ತಾಗಿ ಮೂಡಿಸುವ ವಿದ್ಯೆ. ಅದನ್ನು ಚೆನ್ನಾಗಿ ಕಲಿತು, ಮುಂದೆ ಅಲ್ಲಿಯೇ ಪಾಠ ಹೇಳಿದವರು ಅವರು. ಆ ವಿದ್ಯೆಯಲ್ಲಿ ತೃಪ್ತಿ ಕಾಣದೆ ಅವರು ಮೊರೆಹೋದದ್ದು ಜೈನ ಹಸ್ತಪ್ರತಿಗಳ ಚಿತ್ರಗಳಿಗೆ, ರಜಪೂತ ಮತ್ತು ಮೊಘಲ್ ಕಿರುಚಿತ್ರಗಳಿಗೆ. ಪಶ್ಚಿಮ ಭಾರತದ ಆ ಹಸ್ತಪ್ರತಿಗಳಲ್ಲಿರುವ ಮನುಷ್ಯರನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಮುಖ ಪಕ್ಕಕ್ಕೆ ತಿರುಗಿದ್ದರೂ ಆಚೆ ಬದಿಯ ಕಣ್ಣು ಕೆನ್ನೆಯ ಗೆರೆಯನ್ನು ದಾಟಿ ಹೊರಗೆ ಚಾಚಿಕೊಂಡಿರುತ್ತದೆ. ಹಿನ್ನೆಲೆಗೆ ಹೆಚ್ಚಾಗಿ ಒಂದೇ ಹದದ ಕೆಂಪೋ ನೀಲಿಯೋ ಬಳಿದಿರುತ್ತದೆ. ನೆರಳೆಂಬುದು ಇರುವುದೇ ಇಲ್ಲ. ದೇಹಕ್ಕೆ ಗಾತ್ರ ಕೊಡುವ ಹೊಣೆಯನ್ನೆಲ್ಲ ಗೆರೆಯೇ ಹೊರಬೇಕು.

ಇಲ್ಲಿ ತಾವು ಗಮನಿಸಬೇಕಾದ ಸಂಗತಿಯೊಂದಿದೆ. ಗುಜರಾತಿನ ಈ ಪರಂಪರೆ ಕಟ್ಟಿಂಗೇರಿಯ ಹುಡುಗನಿಗೆ ಹುಟ್ಟಿನಿಂದ ಬಂದ ಸೊತ್ತಾಗಿರಲಿಲ್ಲ. ಪಶ್ಚಿಮದ ವಿದ್ಯೆಯನ್ನು ಹೇಗೆ ಕಲಿತರೋ ಹಾಗೆಯೇ ‘ನಮ್ಮದು’ ಎಂದು ತಾವು ಕರೆಯುವ ಪೂರ್ವವನ್ನೂ ಅವರು ಊರು ಬಿಟ್ಟ ಮೇಲೆಯೇ, ದೊಡ್ಡವರಾದ ಮೇಲೆಯೇ ಅಭ್ಯಾಸ ಮಾಡಿ ಪಡೆದರು. ಹಂಗೆರಿಯ ತಾಯಿಗೆ 1913ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಕಲಿತ ಅಮೃತಾ ಶೇರ್‌ಗಿಲ್ 1934ರಲ್ಲಿ ಭಾರತಕ್ಕೆ ಮರಳಿ, ಅಜಂತೆಯನ್ನೂ ದಕ್ಷಿಣದ ಊರುಗಳನ್ನೂ ಕಂಡ ಬಳಿಕ ಬರೆದ ಚಿತ್ರಗಳು ಹೆಬ್ಬಾರರ ಮೇಲೆ ಗಾಢವಾದ ಪ್ರಭಾವ ಬೀರಿದವು. ಹೆಬ್ಬಾರರು ಪ್ಯಾರಿಸಿನ ಅಕಾಡೆಮಿ ಜೂಲಿಯಾನ್ ಕಲಾಶಾಲೆಗೆ ಹೋದದ್ದು 1949ರಲ್ಲಿ. ಆಗ ಅವರಿಗೆ ಮೂವತ್ತೆಂಟು ವರ್ಷ. ಯುರೋಪು ಕಣ್ಣು ಕೋರೈಸಿ ದಿಕ್ಕು ತಪ್ಪಿಸುವ ಪ್ರಾಯ ಅದಲ್ಲ.

ಅವರ ನರ್ತಕಿಯರ ರೇಖಾಚಿತ್ರಗಳಲ್ಲಿ ಒಂದನ್ನು ಎದುರಿಗಿಟ್ಟುಕೊಂಡು ನೋಡಬೇಕೆಂದು ತಮ್ಮನ್ನು ಕೋರುತ್ತೇನೆ. ಕಣ್ಣು ಮೂಗುಗಳ ವಿವರ ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗೆರೆ ಹೆಗಲಿನಿಂದ ಇಳಿದು, ಸೊಂಟದಲ್ಲಿ ತಿರುಗಿ, ಹಿಮ್ಮಡಿಗೆ ಬಂದು ನಿಲ್ಲುವಷ್ಟರಲ್ಲಿ ದೇಹದ ಭಾರ ಯಾವ ಕಾಲಿನ ಮೇಲಿದೆ ಎಂಬುದು ನಮಗೆ ಖಚಿತವಾಗಿ ತಿಳಿದುಬಿಡುತ್ತದೆ. ಆ ಭಾರದ ಅರಿವು ಜೆ.ಜೆ.ಯಲ್ಲಿ ಮಾಡೆಲ್ ಎದುರು ಕುಳಿತು ಪಳಗಿದ ಕೈಯದು. ನೆರಳಿನ ಸಹಾಯವಿಲ್ಲದೆ ಅದನ್ನು ಹೇಳುವ ಧೈರ್ಯ ಹಸ್ತಪ್ರತಿಗಳಿಂದ ಬಂದದ್ದು. ಇನ್ನು ಆ ಲಯ, ಲಯವನ್ನು ಅರಿಯಲೆಂದೇ ಕಥಕ್ ಕಲಿತ ಮನುಷ್ಯನದು. ಅದರ ಅಡಿಯಲ್ಲಿ ಎಳವೆಯಲ್ಲಿ ಕಂಡ ಬಯಲಾಟದ ಹೆಜ್ಜೆಯೂ ಇದೆಯೆಂದು ನಾನು ನಂಬುತ್ತೇನೆ. ಒಂದೇ ಎಳೆತದಲ್ಲಿ ಇಷ್ಟೆಲ್ಲ ಇರುವಾಗ ಯಾವುದನ್ನು ಬಿಡಿಸಿ ತೆಗೆದು ‘ಇದು ಹೊರಗಿನದು’ ಎನ್ನೋಣ?

ತಮ್ಮ ಆಕ್ಷೇಪಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅವರ ನಂತರದ ಕೆಲವು ತೈಲಚಿತ್ರಗಳಲ್ಲಿ ಬಣ್ಣ ಗಾರೆಯಂತೆ ದಪ್ಪವಾಗಿ ಮೆತ್ತಿಕೊಂಡು, ಗೆರೆ ಅದರಡಿಯಲ್ಲಿ ಹೂತುಹೋಗುತ್ತದೆ. ಅಲ್ಲಿ ನನಗೂ ಆ ಕಾಲದ ಯುರೋಪಿನ ರುಚಿಯೇ ಮುಂದಾದಂತೆ ಕಾಣುತ್ತದೆ. ಆದರೆ ಕೋಳಿ ಅಂಕವನ್ನೋ ಯಕ್ಷಗಾನವನ್ನೋ ಅವರು ಕೈಗೆತ್ತಿಕೊಂಡಾಗ ಅದೇ ದಪ್ಪ ಬಣ್ಣಕ್ಕೆ ಬೇರೆಯೇ ಕೆಲಸವಿರುತ್ತದೆ. ಅಂಕದ ಕಳದ ಧೂಳನ್ನೂ ಗಲಾಟೆಯನ್ನೂ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡ ಈ ಕಲಾವಿದರು ಅಲ್ಲಿದ್ದೂ ಬಿಡದೆ ಹಿಡಿದುಕೊಂಡಿದ್ದ ವಸ್ತುಗಳು ಇವು.

ಮಕ್ಕಳ ಕುರಿತ ತಮ್ಮ ಆತಂಕಕ್ಕೆ ಉತ್ತರ ಮಂಜೇಶ್ವರದಲ್ಲೇ ಇದೆ. ಮನೆಮಾತು ಕೊಂಕಣಿಯಾಗಿದ್ದ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಬರೆದರು. ಅದರಿಂದ ಕನ್ನಡ ಬಡವಾಯಿತೆಂದು ಈ ನೆಲದಲ್ಲಿ ಯಾರೂ ಹೇಳುವುದಿಲ್ಲ, ತಾವೂ ಹೇಳಲಾರಿರಿ.

ಪ್ರೌಢಶಾಲೆಯ ಮಕ್ಕಳಿಗೆ ಮೊದಲು ಹೆಬ್ಬಾರರನ್ನು ತೋರಿಸಬೇಕೋ, ನಮ್ಮ ದೈವಾರಾಧನೆಯ ತೆಯ್ಯಂನ ಮುಖವರ್ಣಿಕೆಯನ್ನೋ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಮುಖವರ್ಣಿಕೆಯನ್ನೇ ಮೊದಲು ತೋರಿಸಿ. ಕಲಾವಿದನನ್ನು ನೆಲದ ಮೇಲೆ ಮಲಗಿಸಿ, ತೆಂಗಿನ ಗರಿಯ ಕಡ್ಡಿಯನ್ನು ಕುಂಚವಾಗಿಸಿಕೊಂಡು ಕೆನ್ನೆಯ ಮೇಲೆ ಒಂದೊಂದೇ ಗೆರೆ ಎಳೆಯುವ ಕೈಯನ್ನು ಮಕ್ಕಳು ಹತ್ತಿರದಿಂದ ನೋಡಲಿ, ಕಂಡದ್ದನ್ನು ನೆರಳು ತುಂಬದೆ ಬರೀ ಗೆರೆಗಳಲ್ಲಿ ಬರೆಯಲಿ. ಹೆಬ್ಬಾರರ ನರ್ತಕಿಯನ್ನು ಆಮೇಲೆ ಅವರ ಮುಂದಿಡಿ. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿ ಅವರ ಮೂಲ ಕೃತಿಗಳಿವೆ. ಮಕ್ಕಳನ್ನು ಪ್ರವಾಸ ಕರೆದೊಯ್ಯುವುದಾದರೆ ಮೊದಲೇ ವಿಚಾರಿಸಿಕೊಂಡು ಹೊರಡಿ. ಮಕ್ಕಳು ಬರೆದ ಚಿತ್ರಗಳನ್ನು ನಮಗೆ ಕಳುಹಿಸಿದರೆ, ತಮ್ಮ ಟಿಪ್ಪಣಿಯೊಂದಿಗೆ ಅವನ್ನು ಪ್ರಕಟಿಸಲು ನಾವು ಪುಟಗಳನ್ನು ಮೀಸಲಿಡುತ್ತೇವೆ.

– ಸಂಪಾದಕ